ಲಕೋಟೆಯ ಹೊರಮೈ

ಅಂಚೆ ವಿಂಗಡಣೆಯ ಕೋಣೆಯಲ್ಲಿ ಎಲ್ಲರೂ ಅವನನ್ನು ಹದ್ದಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತಾರು ವರ್ಷ ಒಂದೇ ಕಪಾಟಿನ ಮುಂದೆ ನಿಂತವನು. ಆಳೆತ್ತರದ ಕಪಾಟು, ಊರಿಗೊಂದರಂತೆ ತೊಂಬತ್ತಾರು ಗೂಡು. ಎಡಗೈಯಲ್ಲಿ ಕಾಗದದ ಕಟ್ಟು ಹಿಡಿದು ನಿಂತನೆಂದರೆ ಬಲಗೈ ತಾನಾಗಿ ಗೂಡು ಹುಡುಕಿಕೊಳ್ಳುತ್ತಿತ್ತು. ಲಕೋಟೆಯ ತೂಕ ನೋಡಿ ಒಳಗಿರುವುದು ಮದುವೆ ಕರೆಯೋ ಮನೆ ಖಾಲಿ ಮಾಡಿ ಎಂಬ ನೋಟೀಸೋ ಹೇಳುತ್ತಿದ್ದ. ಅಕ್ಷರ ನೋಡಿ ಬರೆದವರು ಅವಸರದಲ್ಲಿದ್ದರೋ ಅಳುತ್ತಾ ಬರೆದರೋ ಹೇಳುತ್ತಿದ್ದ. ಆದರೆ ಒಂದೇ ಒಂದು ಕಾಗದವನ್ನೂ ಒಡೆದು ನೋಡಿದವನಲ್ಲ. “ಒಳಗಿನದು ಅವರದು, ಹೊರಮೈ ನನ್ನದು” ಎಂಬುದು ಅವನ ಹೆಮ್ಮೆಯ ಮಾತು. ನಿವೃತ್ತಿಯ ದಿನ ಅದನ್ನೇ ಹೇಳಿ ಚಪ್ಪಾಳೆ ಹೊಡೆಸಿಕೊಂಡಿದ್ದ.

ಆಮೇಲೆ ಕೈಗೆ ಕೆಲಸವಿಲ್ಲ, ಕಣ್ಣಿಗೆ ಮೇವಿಲ್ಲ. ಪಕ್ಕದ ಮನೆಯ ಒಣಹಾಕಿದ ಬಟ್ಟೆ ಎಣಿಸಿ, ಅವರಲ್ಲಿಗೆ ನೆಂಟರು ಬಂದಿದ್ದಾರೆ ಎಂದು ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ.

“ರೀ, ಆ ಕಣ್ಣಿಗೊಂದು ಮುಚ್ಚಳ ಮಾಡಿಸ್ಕೊಳ್ಳಿ,” ಎನ್ನುತ್ತಿದ್ದಳು ಅವಳು.

ಮಕ್ಕಳಿಲ್ಲದ ಆ ಮನೆಯ ಬಾಗಿಲನ್ನು ಭಾನುವಾರ ತಪ್ಪದೆ ತಟ್ಟುತ್ತಿದ್ದವಳು ಅವನ ಅಕ್ಕನ ಮಗಳೊಬ್ಬಳೇ. ಅಕ್ಕ ತೀರಿಹೋಗಿ ಎರಡು ವರ್ಷವಾಗಿತ್ತು. ಮಗಳಿಗೀಗ ನಲವತ್ಮೂರು. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟುಬಂದ ಹೆಂಗಸರಿಗೆ ಆಸರೆ ಕೊಡುವ ಮನೆಯೊಂದರಲ್ಲಿ ಅವಳ ಕೆಲಸ. ಒಂದು ಭಾನುವಾರ ಕೂತವಳೇ ಕೇಳಿದಳು, “ಮಾಮ, ನಿನ್ನ ಹಳೇ ಕಂಪ್ಯೂಟರ್ ಧೂಳು ತಿಂತಾ ಕೂತಿದೆಯಲ್ಲ, ಅದನ್ನ ಒಂದು ರಿಲೇ ಮಾಡೋಣ್ವಾ?”

“ರಿಲೇ ಅಂದ್ರೆ ಓಟದ ಪಂದ್ಯ ಕಣೇ.”

“ಇದೂ ಒಂಥರಾ ಅದೇ. ಕಡ್ಡಿ ಬದಲು ಕಾಗದ.” ಅವಳು ಬಿಡಿಸಿ ಹೇಳಿದಳು. ತಾನು ಎಲ್ಲಿದ್ದೇನೆಂದು ಯಾರಿಗೂ ಗೊತ್ತಾಗಬಾರದು ಎನ್ನುವವರ ಮಾತನ್ನು ಒಂದರೊಳಗೊಂದು ಮೂರು ಲಕೋಟೆಯಲ್ಲಿಟ್ಟು ಕಳಿಸುತ್ತಾರೆ. ಇಂಟರ್ನೆಟ್ಟಿನಲ್ಲಿ ಅದು ಮೂರು ಮನೆ, ಅಂದರೆ ಮೂರು ಕಂಪ್ಯೂಟರ್, ದಾಟಿ ಹೋಗುತ್ತದೆ. ಒಂದೊಂದು ಮನೆಯೂ ಒಂದೊಂದು ಲಕೋಟೆ ಹರಿದು ಮುಂದಕ್ಕೆ ದಾಟಿಸುತ್ತದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬೆರಡೂ ಒಂದೇ ಮನೆಗೆ ಗೊತ್ತಾಗುವುದಿಲ್ಲ. ಲೋಕದ ತುಂಬ ಇಂಥ ಸಾವಿರಾರು ಮನೆಗಳಿವೆ, ಎಲ್ಲ ಪುಕ್ಕಟೆ ಸೇವೆ. “ನಮ್ಮಲ್ಲಿರೋ ಹೆಂಗಸರು ತವರಿಗೆ ಎರಡು ಮಾತು ಬರೆಯೋದು ಈ ದಾರೀಲೇ ಮಾಮ. ನೇರವಾಗಿ ಬರೆದ್ರೆ ಗಂಡ ವಾಸನೆ ಹಿಡ್ಕೊಂಡು ಬರ್ತಾನೆ.”

ಹದ್ದಣ್ಣ ತಲೆ ತಗ್ಗಿಸಿ ಕೂತ. ಒಪ್ಪದೆ ಇರಲು ಅವನಿಗೆ ದಾರಿಯಿರಲಿಲ್ಲ. ಏಕೆಂದು ಅವಳಿಗೆ ಗೊತ್ತಿರಲಿಲ್ಲ.

ಅದು ಮೂವತ್ತೇಳು ವರ್ಷದ ಹಿಂದಿನ ಮಾತು. ಅಕ್ಕ ಆರು ವರ್ಷದ ಈ ಮಗಳ ಕೈ ಹಿಡಿದು ಗಂಡನ ಮನೆಯಿಂದ ಓಡಿಹೋಗಿದ್ದಳು. ಎಲ್ಲಿಗೆಂದು ಯಾರಿಗೂ ಹೇಳಿರಲಿಲ್ಲ. ಇಪ್ಪತ್ತು ದಿನವಾದ ಮೇಲೆ ಹದ್ದಣ್ಣನ ಕಪಾಟಿಗೆ ಒಂದು ಲಕೋಟೆ ಬಂತು. ವಿಳಾಸ ಅಮ್ಮನದು, ಹಾಳೆ ತೂತಾಗುವಂತೆ ಒತ್ತಿ ಬರೆದ ಅಕ್ಷರ ಅಕ್ಕನದು. ಕಳಿಸಿದವರ ಹೆಸರಿಲ್ಲ. ಆದರೆ ಅಂಚೆಯ ಠಸ್ಸೆ ಇರಲೇಬೇಕಲ್ಲ, ಅದು ಕಡಲ ದಂಡೆಯ ಒಂದು ಸಣ್ಣ ಊರಿನದು. ಒಡೆಯಲಿಲ್ಲ, ಗೂಡಿಗೆ ಹಾಕಿದ. ಸಂಜೆ ಎದುರಿನ ಚಹಾ ಅಂಗಡಿಯಲ್ಲಿ ಭಾವ ಕೂತಿದ್ದ. “ದೊಡ್ಡ ಹದ್ದು ಅಂತಾರಪ್ಪ ನಿನ್ನ. ಒಡಹುಟ್ಟಿದೋಳು ಎಲ್ಲಿದ್ದಾಳೆ ಅಂತ ಗೊತ್ತಿಲ್ಲದ ಹದ್ದು,” ಎಂದು ನಾಲ್ಕು ಜನರೆದುರು ಛೇಡಿಸಿದ. ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು, ಎಳೇ ಹೆಮ್ಮೆ. ಮಾತು ಹಲ್ಲಿನ ಬೇಲಿ ಹಾರಿಬಿಟ್ಟಿತು. ಊರಿನ ಹೆಸರು ಹೇಳಿಬಿಟ್ಟ.

ಒಂದು ವಾರದೊಳಗೆ ಭಾವ ತಾಯಿ ಮಗಳಿಬ್ಬರನ್ನೂ ಎಳೆದುತಂದ. ಅಕ್ಕನ ಎಡಗೈಯ ಕಿರುಬೆರಳು ಆಮೇಲೆಂದೂ ನೆಟ್ಟಗಾಗಲಿಲ್ಲ. ಹದ್ದಣ್ಣ ಅವಳ ಮನೆಗೆ ಹೋದಾಗಲೆಲ್ಲ ಅವಳು ಲೋಟ ಹಿಡಿದುಕೊಡುವ ಆ ಕೈಯನ್ನು ಬಿಟ್ಟು ಬೇರೆಲ್ಲವನ್ನೂ ನೋಡುತ್ತಿದ್ದ.

ಹೀಗಾಗಿ ಸೋದರಸೊಸೆ ಕೇಳಿದ್ದೇ ತಡ, ಸಾಲ ತೀರಿಸಲು ಬಾಗಿಲು ತೆರೆದಂತಾಯಿತು ಅವನಿಗೆ. ಅವಳೇ ಕೂತು ಪ್ರೋಗ್ರಾಮ್ ಹಾಕಿದಳು. ಹೊರಗಿನ ಕಾಗದ ಒಳಬರಲು ರೂಟರಿನಲ್ಲಿ ಒಂದು ಪೋರ್ಟ್ ತೆರೆದಳು. ಕೊನೆಯ ಮನೆ ಆಗುವುದು ಬೇಡ, ಯಾರದೋ ತಪ್ಪಿಗೆ ಪೊಲೀಸರು ನಿನ್ನ ಬಾಗಿಲಿಗೆ ಬಂದಾರು ಎಂದು ಆ ದಾರಿಯನ್ನು ಮಾತ್ರ ಮುಚ್ಚಿದಳು. “ಈಗ ನಿನ್ನದು ನಡುಮನೆ. ಕೆಲವು ವಾರ ಕೆಡದೆ ನಿಂತ್ರೆ ನೆಟ್‌ವರ್ಕೇ ನಂಬಿ ಮೊದಲನೇ ಮನೆ ಮಾಡ್ಕೊಳ್ಳುತ್ತೆ. ಆಗ ಜನ ನೇರ ಇಲ್ಲಿಗೇ ಬರ್ತಾರೆ. ಅವರ ವಿಳಾಸ ಇದು ತಾನಾಗೇ ಅಳಿಸಿಬಿಡುತ್ತೆ, ಈ ಸೆಟ್ಟಿಂಗಿನ ಒಂದು ಸಾಲಿನಿಂದ. ಇದನ್ನ ಮಾತ್ರ ಮುಟ್ಬೇಡ.”

“ಮುಟ್ಟಲ್ಲ ಬಿಡೇ,” ಎಂದ.

ನಲವತ್ತು ದಿನ ಮುಟ್ಟಲಿಲ್ಲ, ಅಷ್ಟರಲ್ಲಿ ಅದು ಮೊದಲನೇ ಮನೆಯೂ ಆಗಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆದು, ಇಸ್ತ್ರಿ ಅಂಗಿ ಹಾಕಿ ಅದರ ಮುಂದೆ ಕೂರುತ್ತಿದ್ದ. ಇಷ್ಟು ಬಂತು, ಇಷ್ಟು ಹೋಯಿತು ಎಂಬ ಲೆಕ್ಕ ಬಿಟ್ಟರೆ ಪರದೆಯ ಮೇಲೆ ಏನೂ ಇಲ್ಲ. ಚೀಲಗಟ್ಟಲೆ ಕಾಗದ ಕಣ್ಣೆದುರೇ ಹಾದುಹೋಗುತ್ತಿದೆ, ಒಂದರ ಹೊರಮೈಯೂ ಕಾಣದು. ಮೀನಂಗಡಿಯ ಗಾಜಿನ ಹೊರಗೆ ಕೂತ ಬೆಕ್ಕಿನ ಪಾಡು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ನಲವತ್ತೊಂದನೆಯ ದಿನ ಆ ಸಾಲಿನಲ್ಲಿ ಒಂದು ಎಂಬ ಅಂಕಿಯಿದ್ದ ಕಡೆ ಸೊನ್ನೆ ಬರೆದು ಅಳಿಸುವುದನ್ನು ನಿಲ್ಲಿಸಿದ. ವರದಿಯ ವಿವರ ಹೆಚ್ಚಾಗುವಂತೆ ಇನ್ನೊಂದು ಸಾಲನ್ನೂ ತಿದ್ದಿದ. ಪರದೆಯ ಮೇಲೆ ಅಂಕಿಗಳ ವಿಳಾಸಗಳು ಮಳೆಹುಳುವಿನಂತೆ ಎದ್ದುಬಂದವು. ಯಾವ ವಿಳಾಸ ಯಾವ ಊರಿನದೆಂದು ಹೇಳುವ ಜಾಲತಾಣವನ್ನೂ ಹುಡುಕಿದ. ಗೆರೆ ಎಳೆದ ನೋಟುಬುಕ್ಕು ಬಂತು. ತಾರೀಕು, ವಿಳಾಸ, ಊರು. ನಮ್ಮೂರಿನದೇ ಸಿಕ್ಕಿದರೆ ಕೆಂಪು ಶಾಯಿಯಲ್ಲಿ ಒಂದು ಗುರುತು. ಒಳಗಿನದನ್ನೇನೂ ನೋಡುತ್ತಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಹೆಂಡತಿ ಬಂದರೆ ಪುಸ್ತಕವನ್ನು ಮೊಣಕೈಯಿಂದ ಮುಚ್ಚುತ್ತಿದ್ದ.

ಗುಟ್ಟು ಒಡೆದವಳು ಹೆಂಡತಿಯೇ, ಏನೂ ಅರಿಯದೆ. ಭಾನುವಾರ ಸೊಸೆಗೆ ಚಹಾ ಕೊಡುತ್ತಾ, “ನಿಮ್ಮ ಮಾಮ ಮತ್ತೆ ಡ್ಯೂಟಿಗೆ ಸೇರಿದ್ದಾರಮ್ಮ. ದಿನಾ ರಿಜಿಸ್ಟರ್ ಬರೀತಾರೆ. ನಾನು ಊಟಕ್ಕೆ ಕರೆದ್ರೆ ಅಪಾಯಿಂಟ್‌ಮೆಂಟ್ ಕೇಳ್ತಾರೆ,” ಎಂದು ನಕ್ಕಳು.

“ಯಾವ ರಿಜಿಸ್ಟರು?”

ನೋಟುಬುಕ್ಕು ಮೇಜಿನ ಮೇಲೇ ಇತ್ತು. ಅವಳು ಹಾಳೆ ತಿರುವಿದಳು. ಒಂದು ಕೆಂಪು ಗುರುತಿನ ಮೇಲೆ ಅವಳ ಬೆರಳು ನಿಂತಿತು. ಚಹಾದ ಲೋಟ ಕೆಳಗಿಟ್ಟಳು.

“ಇದು ನಮ್ಮ ಆಸರೆ ಮನೆಯ ವಿಳಾಸ, ಮಾಮ.”

ಹದ್ದಣ್ಣ ಪುಸ್ತಕದ ಕಡೆಗೆ ಕೈ ಚಾಚಿದ. “ಒಳಗಡೆ ಏನೂ ನೋಡಿಲ್ಲ ಕಣೇ. ಬರೀ ಹೊರಮೈ.”

“ಹೊರಮೈ ಸಾಲದಾ?” ಅವಳು ದನಿಯೇರಿಸಲಿಲ್ಲ. “ಎಲ್ಲಿದ್ದಾಳೆ ಅಂತ ಗೊತ್ತಾದ್ರೆ ಮುಗೀತು. ಏನು ಬರೆದ್ಲು ಅನ್ನೋದು ಯಾವ ಗಂಡನಿಗೆ ಬೇಕು? ನನಗೆ ಚೆನ್ನಾಗಿ ಗೊತ್ತು ಮಾಮ. ಅಮ್ಮನ್ನ ಹಿಡಿದುಕೊಟ್ಟೋಳೇ ನಾನು.”

“ನೀನಾ?”

“ಅವತ್ತು ಓಡಿಹೋಗುವಾಗ ಬಸ್ಸಿನ ಕಂಡಕ್ಟರ್ ಕೇಳಿದ್ದ, ಎಲ್ಲಿಗೆ ಪುಟ್ಟಿ ಅಂತ. ಸಮುದ್ರ ನೋಡೋಕೆ ಅಂದ್ಬಿಟ್ಟೆ, ಊರಿನ ಹೆಸರನ್ನೂ ಹೇಳ್ಬಿಟ್ಟೆ. ಅಪ್ಪ ಬಂದು ನಿಂತಾಗ ಅಮ್ಮ ನನ್ನ ಮುಖ ನೋಡಿದ್ಲು, ಅಷ್ಟೆ. ಬೈಲಿಲ್ಲ. ಆದ್ರೆ ಸಾಯೋವರೆಗೂ ನನ್ನ ಮುಂದೆ ಯಾರ ಗುಟ್ಟನ್ನೂ ಆಡಲಿಲ್ಲ. ಈ ಕೆಲಸಕ್ಕೆ ಯಾಕೆ ಸೇರಿದೆ ಅಂತ ಕೇಳ್ತಿರ್ತೀಯಲ್ಲ. ಅದಕ್ಕೇ.”

ಹದ್ದಣ್ಣ ಕುರ್ಚಿಯ ತೋಳು ಹಿಡಿದ. ತಾನು ಮಾಡಿದ ತಪ್ಪೊಂದೇ, ಅದನ್ನು ತಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡಿದ್ದ. ಹೊರೆ ಮೂವತ್ತೇಳು ವರ್ಷದಿಂದ ಆರು ವರ್ಷದ ಕೂಸಿನ ತಲೆಯ ಮೇಲಿತ್ತು. ಈಗ ಸುಮ್ಮನಿದ್ದರೆ ನೋಟುಬುಕ್ಕಿಗೊಂದು ಕ್ಷಮೆ ಕೇಳಿದರಾಯಿತು, ಮುಂದಿನ ಭಾನುವಾರವೂ ಇವಳು ಬರುತ್ತಾಳೆ. ಬಾಯಿ ಬಿಟ್ಟರೆ ಬರುವುದಿಲ್ಲ. ಅಷ್ಟು ಸ್ಪಷ್ಟವಾಗಿತ್ತು.

“ಕಂಡಕ್ಟರ್ ಅಲ್ಲ,” ಎಂದ. “ನಾನು. ನಿಮ್ಮಜ್ಜಿಗೆ ಬಂದ ಕಾಗದದ ಠಸ್ಸೆ ನೋಡಿ ನಾನೇ ನಿಮ್ಮಪ್ಪನಿಗೆ ಹೇಳಿದೆ. ಕಾಗದ ಒಡೀಲಿಲ್ಲ ಅನ್ನೋದನ್ನೇ ಇಷ್ಟು ವರ್ಷ ದೊಡ್ಡ ಮರ್ಯಾದೆ ಅಂತ ಹೇಳ್ಕೊಂಡು ತಿರುಗಿದೆ.”

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಲ್ಲೇ ನಿಂತಳು. ಅವಳಿಗೂ ಇದು ಹೊಸದು.

ಸೊಸೆ ತನ್ನ ಎಡಗೈಯ ಕಿರುಬೆರಳನ್ನು ಬಲಗೈಯಲ್ಲಿ ಹಿಡಿದು ಕೂತಿದ್ದಳು. ಕೊನೆಗೆ, “ಅಮ್ಮ ಇದ್ದಾಗ ಹೇಳ್ಬಹುದಿತ್ತು,” ಎಂದಳು.

“ಹೇಳ್ಬಹುದಿತ್ತು.”

“ಅವಳು ನನ್ನ ಮುಖ ಇನ್ನೊಂದು ಸಲ ಸರಿಯಾಗಿ ನೋಡ್ತಿದ್ಲು.”

ಅವನು ಕುರ್ಚಿಯನ್ನು ಮಿಷನ್ನಿನ ಕಡೆಗೆ ತಿರುಗಿಸಿದ.

“ಸೊನ್ನೆ ಅಳಿಸು,” ಎಂದಳು. ಅವನೇ ಅಳಿಸಿ ಒಂದು ಬರೆದ. ಇನ್ನೊಂದು ಸಾಲನ್ನೂ ಮೊದಲಿನಂತೆ ಮಾಡಿದ. ಪ್ರೋಗ್ರಾಮ್ ಮತ್ತೆ ಶುರುವಾಗಿ, ಹಳೆಯ ವರದಿಗಳೆಲ್ಲ ಅಳಿಸಿಹೋಗುವವರೆಗೆ ಅವಳು ಹಿಂದೆ ನಿಂತು ನೋಡಿದಳು. ನೋಟುಬುಕ್ಕನ್ನು ಅವನು ಬಕೆಟ್ಟಿನ ನೀರಿನಲ್ಲಿ ಹಾಳೆಹಾಳೆಯಾಗಿ ನೆನೆಸಿ ಹಿಸುಕಿದ. ಕೆಂಪು ಶಾಯಿ ಬೆರಳಿಗೆ ಹತ್ತಿತು. ತಲೆಯೆತ್ತಿದಾಗ ಅವಳು ಚಪ್ಪಲಿ ಮೆಟ್ಟುತ್ತಿದ್ದಳು.

“ಮಿಷನ್ ಆರಿಸ್ಲಾ?” ಎಂದು ಕೇಳಿದ.

“ಬೇಡ. ಅದರದೇನು ತಪ್ಪು? ಅದಕ್ಕೆ ಕರೆಂಟು ಬೇಕು, ನೆಟ್ ಬೇಕು. ನೀನು ಬೇಕಾಗಿಲ್ಲ.”

ಅಂದೇ ಹದ್ದಣ್ಣ ಪರದೆಯನ್ನು ವೈರು ಕಿತ್ತು ಅಟ್ಟಕ್ಕೆ ಹಾಕಿದ. ಕುರ್ಚಿಯನ್ನು ಹೊರಗಿನ ಕೋಣೆಗೆ ತಂದ. ಮೂಲೆಯಲ್ಲಿ ಕುರುಡು ಪೆಟ್ಟಿಗೆಯೊಂದು ಗುಂಯ್‌ಗುಟ್ಟುತ್ತಾ ಉಳಿಯಿತು. ದಿನಕ್ಕೊಮ್ಮೆ ಫ್ಯಾನಿನ ಧೂಳು ಒರೆಸುವುದಷ್ಟೇ ಅವನ ಡ್ಯೂಟಿ. ಭಾನುವಾರಗಳು ಬಂದವು, ಬಾಗಿಲು ಸುಮ್ಮನಿತ್ತು. ಹೆಂಡತಿ ಊಟಕ್ಕೆ ಕರೆಯುವಾಗ ಮೊದಲಿನ ಹಾಗೆ ಕೀಟಲೆ ಮಾಡುತ್ತಿರಲಿಲ್ಲ. ತಟ್ಟೆ ಇಟ್ಟು ಸರಿಯುತ್ತಿದ್ದಳು.

ಆರನೆಯ ಭಾನುವಾರ ಹೆಂಡತಿಯ ಫೋನು ಸದ್ದು ಮಾಡಿತು. ಅವಳು ಕಿವಿಗಿಟ್ಟು ಮಾತಾಡಿ, ಫೋನನ್ನು ಎದೆಗೊತ್ತಿಕೊಂಡು ಹೊರಗೆ ಬಂದಳು.

“ಮಿಷನ್ ಓಡ್ತಿದೆಯಾ ಅಂತ ಕೇಳ್ತಿದ್ದಾಳೆ.”

“ಓಡ್ತಿದೆ ಅನ್ನು.”

“ನೀವೇ ಹೇಳಿ,” ಎಂದು ಚಾಚಿದಳು.

ಅವನ ಕೈ ಅರ್ಧಕ್ಕೆ ಹೋಗಿ ನಿಂತಿತು. ಫೋನಿನ ಪರದೆಯ ಮೇಲೆ ಏನೋ ಬೆಳಗುತ್ತಿತ್ತು. ಅವನು ಮುಖ ತಿರುಗಿಸಿದ.

“ನನ್ನ ವಿಳಾಸಕ್ಕೆ ಬಂದದ್ದಲ್ಲ ಅದು,” ಎಂದ. “ನಿನ್ನದು. ಒಳಗೆ ಹೋಗಿ ಮಾತಾಡು.”