ಕಂಬಕ್ಕೆ ಕಲಿಸಿದ ಗಂಟು

ಸಹನಾ, ವಿನಯ, ನಿನ್ನೆ ಹಿತ್ತಲಲ್ಲಿ ನಿಮ್ಮ ಜೋಕಾಲಿಗೆ ನಾನು ಹಗ್ಗ ಕಟ್ಟಿದೆನಲ್ಲ, ಆಗ ವಿನಯ ಅದನ್ನು ಜಗ್ಗಿ ನೋಡಿ, "ಅಜ್ಜಿ, ಎಷ್ಟು ಎಳೆದ್ರೂ ಜಾರಲ್ಲ, ಬಿಚ್ಚೋಕೆ ಹೋದ್ರೆ ಮಾತ್ರ ಸಲೀಸಾಗಿ ಬಿಚ್ಚುತ್ತೆ. ಯಾರು ಕಲಿಸಿದ್ರು?" ಎಂದು ಕೇಳಿದ. ನಾನು "ಯಾರೋ" ಎಂದು, ಒಲೆಯ ಮೇಲೆ ಹಾಲಿದೆಯೆಂದು ಒಳಗೆ ಬಂದುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. ಮಾತಾಡಲು ನಾಚಿಕೆಯಾದಾಗಲೆಲ್ಲ ನನ್ನ ಹಾಲು ಉಕ್ಕುತ್ತದೆ. ಇದು ನಿಮ್ಮ ಅಜ್ಜನಿಗೂ ಗೊತ್ತಿತ್ತು. ಬಾಯಲ್ಲಿ ಬರದಿದ್ದದ್ದು ಕೈಯಲ್ಲಾದರೂ ಬರಲಿ ಎಂದು ಈಗ ಬರೆಯಲು ಕುಳಿತಿದ್ದೇನೆ. ಚಂದ್ರಗುತ್ತಿ ಹತ್ತಿರದ ಹಳ್ಳಿ ಶಾಲೆಯ ನಾಲ್ಕನೇ ತರಗತಿಯ ಕನ್ನಡ ಇದು. ತಪ್ಪು ಕಂಡರೆ ನಗಿ, ಜೋರಾಗಿ ಬೇಡ.

ಆ ಗಂಟು ಕಲಿಸಿದವರು ನಿಮ್ಮ ಅಜ್ಜನ ದೊಡ್ಡಪ್ಪ, ನನಗೆ ದೊಡ್ಡಮಾವ. ಸೊಸೆಯಾದವಳು ಹಿರಿಯರ ಹೆಸರು ಹೇಳುವಂತಿರಲಿಲ್ಲ. ಇಂದಿಗೂ ನನ್ನ ಬಾಯಲ್ಲಿ ಅವರ ಹೆಸರು ಬಂದಿಲ್ಲ. ನಾನು ಹೇಳುವ ಅಗತ್ಯವೂ ಇರಲಿಲ್ಲ ಎನ್ನಿ. ಅವರ ಊರಾದ ಶಿಕಾರಿಪುರದ ಕಲ್ಲುಗಳೇ ಅದನ್ನು ಹೇಳುತ್ತಿದ್ದವು. ದನ ನೀರು ಕುಡಿಯುವ ತೊಟ್ಟಿಯ ಮೇಲೆ, ಓದುವ ಕೋಣೆಯ ಬಾಗಿಲ ಮೇಲೆ, ಬಸ್ ನಿಲ್ದಾಣದ ನಾಲ್ಕು ಕಲ್ಲುಬೆಂಚುಗಳ ಬೆನ್ನಿನ ಮೇಲೆ ಅವರ ಹೆಸರೂ ಅದರ ಕೆಳಗೆ 'ಸಾರ್ವಜನಿಕರ ಉಪಯೋಗಕ್ಕಾಗಿ' ಎಂಬ ಮಾತೂ ಕೆತ್ತಿಸಿದ್ದರು. ಸಾರ್ವಜನಿಕರು ಉಪಯೋಗಿಸಲು ಕುಳಿತರೆ ಹೆಸರು ಮರೆಯಾಗುತ್ತಿತ್ತು. ಅದೊಂದು ಸಂಕಟ ಅವರಿಗೆ. ಅಲ್ಲಿ ಹಾಯುವಾಗಲೆಲ್ಲ, "ಸ್ವಲ್ಪ ಆ ಕಡಿ ಸರೀರಿ, ಗಾಳಿ ಆಡ್ಲಿ" ಎನ್ನುತ್ತಿದ್ದರು.

ಗಾಳಿಯ ಮಾತು ಅವರ ಬಾಯಲ್ಲಿ ಸುಮ್ಮನೆ ಬರುತ್ತಿರಲಿಲ್ಲ. ಹದಿನಾರಕ್ಕೆ ಮನೆ ಬಿಟ್ಟು ಮುಂಬಯಿ ಸೇರಿದವರು, ಅಲ್ಲಿ ಸಾಹೇಬರ ಹಾಯಿದೋಣಿ ತೊಳೆಯುವ ಕೆಲಸಕ್ಕೆ ನಿಂತರಂತೆ. ದೋಣಿ ತೊಳೆಯುತ್ತ ಹಗ್ಗ ಹಿಡಿಯಲು ಕಲಿತು, ಹಗ್ಗ ಹಿಡಿಯುತ್ತ ಚುಕ್ಕಾಣಿ ಹಿಡಿಯಲು ಕಲಿತು, ಪಂದ್ಯದಲ್ಲಿ ಸಾಹೇಬರನ್ನೇ ಹಿಂದೆ ಹಾಕಿ ಬೆಳ್ಳಿಯ ಲೋಟ ಗೆದ್ದರಂತೆ. ಊರಿಗೆ ಮರಳಿ ಅಕ್ಕಿ ಗಿರಣಿ ಹಾಕಿದಾಗ ಅವರ ಜೊತೆಗೆ ಬಂದದ್ದು ಎರಡೇ: ಎರಡು ಕಿವಿಯ ಆ ಬೆಳ್ಳಿ ಲೋಟ, ಮತ್ತು ಟ್ರಂಕಿನಲ್ಲಿ ಮಡಚಿಟ್ಟ, ಪಂದ್ಯ ಗೆದ್ದ ದೋಣಿಯ ಹಾಯಿ. ಲೋಟದಲ್ಲಿ ನಮ್ಮ ಅತ್ತೆ ವಿಭೂತಿ ಗಟ್ಟಿ ಇಡುತ್ತಿದ್ದರು. ಹಾಯಿಯನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ವರ್ಷಕ್ಕೊಮ್ಮೆ ಅವರೇ ಬಿಸಿಲಿಗೆ ಹರವಿ, ಅವರೇ ಕಾದು ಕುಳಿತು, ಅವರೇ ಮಡಚುತ್ತಿದ್ದರು. ಊರವರು ಅವರನ್ನು ಹಾಯಿ ಸಾವ್ಕಾರ್ರು ಎಂದೇ ಕರೆಯುತ್ತಿದ್ದರು.

ಸಂಜೆ ಕಟ್ಟೆಯ ಮೇಲೆ ಪಂದ್ಯದ ಕಥೆ ಶುರುವಾಗುತ್ತಿತ್ತು. ಸಮುದ್ರ ಕಂಡವರು ಅಲ್ಲಿ ಅವರೊಬ್ಬರೇ. ಈಸೂರಿನಿಂದ ಭತ್ತ ತಂದ ರೈತರೊಬ್ಬರು ಎಲ್ಲ ಕೇಳಿ ಮುಗಿದ ಮೇಲೆ ವಿನಯವಾಗಿ, "ಅದೆಲ್ಲ ಸರಿ ಸಾವ್ಕಾರ್ರೇ, ಆ ಸಮುದ್ರಕ್ಕ ತೂಬು ಯಾವ ಕಡಿಗೈತ್ರಿ?" ಎಂದಿದ್ದರು. ದೊಡ್ಡಮಾವ ಎರಡು ದಿನ ಕಟ್ಟೆಗೆ ಬರಲಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಐವತ್ತರ ದಶಕ ಮುಗಿಯುತ್ತ ಬಂದಾಗ. ಮನೆಯ ಪದ್ಧತಿ ನಿಮಗೆ ನಗು ತರಿಸಬಹುದು. ದೊಡ್ಡಮಾವನ ಎದುರು ನಾನು ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ. ಅವರ ತಮ್ಮನ ಹೆಂಡತಿಯಾದ ನಮ್ಮ ಅತ್ತೆಗೂ ಅದೇ ನಿಯಮ. ಹಾಗೆಂದು ಮನೆಯಲ್ಲಿ ಮಾತು ನಿಂತಿರಲಿಲ್ಲ. ಅತ್ತೆ ಬಾಗಿಲಿಗೆ ಹೇಳುತ್ತಿದ್ದರು, "ಊಟಕ್ಕ ಹೊತ್ತಾತು." ದೊಡ್ಡಮಾವ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು, "ಸಾರಿಗೆ ಉಪ್ಪು ಕಮ್ಮಿ ಆಗೈತಿ." ಬಾಗಿಲೂ ಕಂಬವೂ ಖಾಲಿಯಿಲ್ಲದ ಕಾರಣ ನನ್ನ ಪಾಲಿಗೆ ಬಂದದ್ದು ಮನೆಯ ಬೆಕ್ಕು.

ಇನ್ನು ಕೆರೆಯ ವಿಷಯ. ಬಟ್ಟೆ ಒಗೆಯಲು, ಸ್ನಾನಕ್ಕೆ ನಾವು ಹೆಂಗಸರು ಕೆರೆಯ ಮೆಟ್ಟಿಲಿಗೆ ಹೋಗುತ್ತಿದ್ದೆವು. ದಿನದಲ್ಲಿ ನಾನು ಹೊಸಿಲು ದಾಟುತ್ತಿದ್ದದ್ದು ಆ ಒಂದು ಗಂಟೆ ಮಾತ್ರ. ಪಕ್ಕದ ಮನೆಯ ಗಿರಿಜಕ್ಕ ಸೆರಗು ಹಿಂಡುತ್ತ ಊರಿನ ಸುದ್ದಿಯನ್ನೂ ಹಿಂಡುತ್ತಿದ್ದಳು. ನಾನು ಬಾಯಿ ತೆರೆದು ನಗುತ್ತಿದ್ದದ್ದು ಅಲ್ಲಿ ಮಾತ್ರ. ಆ ವರ್ಷ ಸೊರಬದ ಬಸ್ಸಿನವರು ಹೊಸ ಅಭ್ಯಾಸ ಹಿಡಿದರು. ಬಸ್ಸಿಗೆ ಸೆಕೆ ಹತ್ತಿತೆಂದು ಕೆರೆಯ ಏರಿಯ ಮೇಲೆ, ನಮ್ಮ ಮೆಟ್ಟಿಲಿಗೆ ಸರಿಯಾಗಿ ಮೇಲೆ ನಿಲ್ಲಿಸಿ, ಇಂಜಿನ್ನಿಗೆ ನೀರು ಹಾಕುವುದು. ನೀರು ಕುಡಿಯುವುದು ಇಂಜಿನ್ನು, ಕಣ್ಣು ತಂಪಾಗುವುದು ಕಿಟಕಿಯಲ್ಲಿ ಕುಳಿತವರಿಗೆ. ಸುದ್ದಿ ಅತ್ತೆಗೆ ಮುಟ್ಟಿತು. "ಅಮಾಸಿ ಆದ ಮ್ಯಾಲೆ ಕೆರಿಗೆ ಹೋಗೂದು ಬ್ಯಾಡವಾ. ಹಿತ್ತಲ ಬಾವಿ ಐತಲ್ಲ" ಎಂದರು. ಅಮಾವಾಸ್ಯೆಗೆ ಒಂಬತ್ತು ದಿನ ಉಳಿದಿತ್ತು. ಹಿತ್ತಲ ಬಾವಿಯಲ್ಲಿ ನೀರಿತ್ತು, ಗಿರಿಜಕ್ಕ ಇರಲಿಲ್ಲ.

ಅದೇ ವಾರ ದೊಡ್ಡಮಾವ ಊರಿಗೆ ಹೊಸದೊಂದು ದಾನ ಮಾಡುವವರಿದ್ದರು. ಕೆರೆಯ ಏರಿಯ ಮೇಲೆ ಕಲ್ಲಿನ ಕಂಬ, ಅದರ ತುದಿಯಲ್ಲಿ ಗಾಳಿ ಬರುವ ದಿಕ್ಕು ತೋರಿಸುವ ಕಬ್ಬಿಣದ ಬಾಣ. ಮುಂಬಯಿಯಲ್ಲಿ ಇತ್ತಂತೆ. "ಗಾಳಿ ಎಲ್ಲಿಂದ ಬರ್ತೈತಿ ಅಂತ ಊರ ಮಂದಿಗೆ ತಿಳೀಬೇಕು" ಎಂದು ಅವರು ಪಡಸಾಲೆಯ ಕಂಬಕ್ಕೆ ವಿವರಿಸುತ್ತಿದ್ದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಕುಳಿತಿದ್ದೆ. ಬೆಕ್ಕನ್ನು ತೊಡೆಯ ಮೇಲೆ ಎಳೆದುಕೊಂಡು, ಹೊರಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿಬಿಟ್ಟೆ:

"ಗಾಳಿ ಎಲ್ಲಿಂದ ಬರ್ತದೆ ಅಂತ ಊರಿಗೆಲ್ಲ ಗೊತ್ತಾಗ್ತದಂತೆ ಕಣೇ ಬೆಕ್ಕೇ. ಸೊರಬದ ಬಸ್ಸು ಎಲ್ಲಿ ನಿಲ್ತದೆ ಅಂತ ಮಾತ್ರ ಮೆಟ್ಟಿಲ ಮೇಲಿರೋ ಹೆಂಗಸರಿಗೇ ಗೊತ್ತು. ಅಲ್ಲೊಂದು ಮರೆ ಇಲ್ದಿದ್ರೆ ಅಮಾಸೆಯಿಂದ ನಾನೂ ನಿನ್ನ ಹಾಗೇ ಒಲೆ ಮುಂದೆ."

ಬೆಕ್ಕು ನನ್ನ ಕೈ ಪರಚಿ ಓಡಿತು. ದೊಡ್ಡಮಾವ ಕಂಬಕ್ಕೆ ಹೇಳಿದರು, "ಏರಿ ಮ್ಯಾಲೆ ಗ್ವಾಡಿ ಕಟ್ಟಾಕ ಸರಕಾರದ ಅಪ್ಪಣಿ ಬೇಕಪಾ. ಬಾಣಕ್ಕ ಅಪ್ಪಣಿ ಬಂದೈತಿ. ಗ್ವಾಡಿಗೆ ಬರ್ಬೇಕಂದ್ರ ವರ್ಷ ಹಿಡೀತೈತಿ." ಆಮೇಲೆ ಟ್ರಂಕಿನ ಮುಚ್ಚಳ ತೆರೆದ ಸದ್ದು.

ಮರುದಿನ ಬೆಳಿಗ್ಗೆ ನಾನೂ ಗಿರಿಜಕ್ಕನೂ ಮೆಟ್ಟಿಲ ಮೇಲ್ಗಡೆ ಎರಡು ಬಿದಿರು ನೆಟ್ಟು, ಪಂದ್ಯ ಗೆದ್ದ ಹಾಯಿಯನ್ನು ಪರದೆಯಾಗಿ ಕಟ್ಟಿದೆವು. ಕಟ್ಟಿದ್ದು ಹಸುವನ್ನು ಗೂಟಕ್ಕೆ ಕಟ್ಟುವ ಗಂಟಿನಲ್ಲಿ. ಹಸುವಿಗೆ ಅಷ್ಟು ಸಾಕು. ಹಾಯಿ ಬಹಳ ವರ್ಷಗಳ ಮೇಲೆ ಗಾಳಿ ಕಂಡಿತ್ತು. ಹೊಟ್ಟೆ ಉಬ್ಬಿಸಿ ಬಿದಿರನ್ನು ಬಿಲ್ಲಿನಂತೆ ಬಗ್ಗಿಸಿತು. ಏರಿಯ ಮೇಲಿಂದ ದೊಡ್ಡಮಾವನ ಕೂಗು ಕೇಳಿತು. ಹೆಂಗಸರ ಮೆಟ್ಟಿಲ ಕಡೆ ನೋಡುವಂತಿಲ್ಲವಲ್ಲ, ನಮಗೆ ಬೆನ್ನು ಹಾಕಿ, ಎದುರಿನ ಹುಣಸೆಮರಕ್ಕೆ, "ಸಡ್ಲ ಬಿಡು! ಕೆಳಗಿನ ಹಗ್ಗ ಸಡ್ಲ ಬಿಡು!" ಎಂದು ಕೈ ಬೀಸಿ ಅರಚುತ್ತಿದ್ದರು. ಅಷ್ಟರಲ್ಲಿ ಗಂಟು ಬಿಚ್ಚಿ ಹಾಯಿ ಹಾರಿ ಕೆರೆಗೆ ಬಿತ್ತು. ಅದೇ ಗಳಿಗೆಗೆ ಸೊರಬದ ಬಸ್ಸೂ ಬಂದು ನಿಂತಿತು. ಪುಣ್ಯಕ್ಕೆ ಆ ದಿನ ಯಾರೂ ನಮ್ಮತ್ತ ನೋಡಲಿಲ್ಲ. ಬಸ್ಸಿಗೆ ಬಸ್ಸೇ ಆಚೆ ಕಿಟಕಿಗೆ ವಾಲಿ, ಹುಣಸೆಮರವನ್ನು ಗದರಿಸುತ್ತಿದ್ದ ಸಾವ್ಕಾರ್ರನ್ನು ನೋಡುತ್ತಿತ್ತು.

ನಾವು ಹಾಯಿಯನ್ನು ನೀರಿನಿಂದ ಎಳೆದು ಮನೆಗೆ ತಂದೆವು. ಮಧ್ಯಾಹ್ನ ಅವರು ಒಂದು ಮಾರು ಹಗ್ಗ ಹಿಡಿದು ಪಡಸಾಲೆಯ ಕಂಬದ ಮುಂದೆ ಕುಳಿತರು. ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಇನ್ನೊಂದು ಹಗ್ಗ ಹಿಡಿದು ಕುಳಿತೆ. ಅವರು ಹಗ್ಗದಲ್ಲೊಂದು ಸಣ್ಣ ಕುಣಿಕೆ ಮಾಡಿ, ಕಂಬಕ್ಕೆ ನಿಧಾನವಾಗಿ ಪಾಠ ಹೇಳಿದರು:

"ಇದು ಬಾಗಿಲಾ. ಸೊಸಿ ಒಳಗಿಂದ ಹೊರಗ ಬಂದ್ಲು. ಹಿಂದಿನ ಹಗ್ಗ ಕಂಬ ಅಂತ ತಿಳ್ಕೊ. ಕಂಬದ ಹಿಂದ ಸುತ್ತಿದ್ಲು. ಮತ್ತ ಅದ ಬಾಗಿಲಾಗ ಒಳಗ ಹೋದ್ಲು. ಈಗ ಎಳಿ."

ನನ್ನ ಕೈ ತಪ್ಪಿತು. ಅವರು ತಿರುಗಿ ನೋಡದೆಯೇ ಬಿಚ್ಚಿ ಮತ್ತೆ ಮೊದಲಿಂದ ಹೇಳಿದರು. ಹೀಗೆ ಆರು ಸಲ. ಏಳನೆಯ ಸಲ ಗಂಟು ಕೂತಿತು. ನನ್ನ ಸಂಸಾರದ ಕಥೆಯನ್ನು ಅಷ್ಟು ಚುಟುಕಾಗಿ ಯಾರೂ ಹೇಳಿರಲಿಲ್ಲ.

ಎದ್ದು ಹೋಗುವ ಮುನ್ನ ಅವರು ಕಂಬಕ್ಕೆ ಇನ್ನೊಂದು ಮಾತು ಹೇಳಿದರು. ದನಿ ಸಣ್ಣದಾಗಿತ್ತು. "ಗಂಟಷ್ಟ ಸಾಲೂದಿಲ್ಲ. ಗಾಳಿಗೆ ದಾರಿ ಬೇಕು. ಹಾಯಿ ನಡುವ ನಾಕು ಕಡಿ ಸೀಳು ಹಾಕ್ಬೇಕು. ಕತ್ರಿ ಕಪಾಟದಾಗೈತಿ." ಹೇಳಿ ಹೊರಗೆ ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಕುಳಿತರು. ಗಾಳಿಯನ್ನು ಹಿಡಿದು ಪಂದ್ಯ ಗೆದ್ದ ಬಟ್ಟೆ ಅದು. ನಾನು ಕತ್ತರಿ ಹಾಕಿದೆ. ದಪ್ಪ ಬಟ್ಟೆ ಜೋರಾಗಿ ಸದ್ದು ಮಾಡಿತು. ನಾಲ್ಕನೆಯ ಸೀಳು ಮುಗಿಯುವವರೆಗೂ ಅವರ ಬೆನ್ನು ಅಲ್ಲಾಡಲಿಲ್ಲ.

ಅಮಾವಾಸ್ಯೆ ಬಂತು, ಹೋಯಿತು. ಪರದೆ ನಿಂತಿತು. ಅತ್ತೆ ದೊಡ್ಡಮಾವನಿಗೂ ಕೇಳಲೆಂದು ಬಾಗಿಲಿಗೆ, "ಈಗ ಹೋದ್ರ ಅಡ್ಡಿಯಿಲ್ಲ" ಎಂದರು. ಮೂರು ವರ್ಷ ನಾವು ಆ ಹಾಯಿಯ ಮರೆಯಲ್ಲಿ ಒಗೆದೆವು, ಮಿಂದೆವು, ನಕ್ಕೆವು. ಬಾಣದ ಕಂಬಕ್ಕೆ ದೊಡ್ಡ ಸಭೆ, ಹಾರ, ಭಾಷಣ ಎಲ್ಲ ಆಯಿತು. ತಿಂಗಳೊಳಗೆ ಕೋತಿಯೊಂದು ಬಾಣದ ಮೇಲೆ ಕುಳಿತು ಅದನ್ನು ಬಗ್ಗಿಸಿತು. ಅಂದಿನಿಂದ ಶಿಕಾರಿಪುರಕ್ಕೆ ಗಾಳಿ ಸದಾ ಸೊರಬದ ಕಡೆಯಿಂದಲೇ ಬರುತ್ತಿತ್ತು. ಗೋಡೆಗೆ ಅಪ್ಪಣೆ ಬರುವಷ್ಟರಲ್ಲಿ ಮನೆಮನೆಗೆ ನಲ್ಲಿ ಬಂದು ಮೆಟ್ಟಿಲಲ್ಲಿ ಹೆಂಗಸರೇ ಇರಲಿಲ್ಲ. ಆದರೂ ದೊಡ್ಡಮಾವ ಗೋಡೆ ಕಟ್ಟಿಸಿದರು, ಹೆಸರೂ ಕೆತ್ತಿಸಿದರು. ಹಾಯಿಯ ಮೇಲೆ ಮಾತ್ರ ಒಂದಕ್ಷರವೂ ಇರಲಿಲ್ಲ. ಅವರು ತೀರಿಕೊಳ್ಳುವವರೆಗೂ ನಾವಿಬ್ಬರೂ ಎದುರಾಬದುರು ಒಂದು ಮಾತೂ ಆಡಲಿಲ್ಲ.

ಹೋದ ವರ್ಷ ಬಸ್ ನಿಲ್ದಾಣದಲ್ಲಿ ಇಳಿದಾಗ ನೋಡಿದೆ. ಉಳಿದಿರುವ ಒಂದೇ ಬೆಂಚಿನ ಮೇಲೆ ಅಕ್ಷರ ಸವೆದು, ಯಾರು ಸರಿದು ಕುಳಿತರೂ ಓದುವಂತಿಲ್ಲ. ವಿನಯ, ನಿನ್ನೆಯ "ಯಾರೋ" ಎಂಬ ಉತ್ತರವನ್ನು ಹೊಡೆದುಹಾಕು. ಕಲಿಸಿದವರು ಗುರುಬಸಪ್ಪನವರು. ನೋಡು, ಬರೆದರೂ ಆಕಾಶ ಬೀಳಲಿಲ್ಲ. ಒಲೆಯ ಮೇಲೆ ಹಾಲು ಮಾತ್ರ ಈಗ ನಿಜವಾಗಿಯೂ ಉಕ್ಕಿದೆ.

ಹಾಯಿ ಜೀರ್ಣವಾದಾಗ ಅದರ ಒಂದು ತುಂಡನ್ನು ಎತ್ತಿಟ್ಟುಕೊಂಡಿದ್ದೆ. ಈ ಹಾಳೆಗಳನ್ನು ಅದರಲ್ಲೇ ಸುತ್ತಿ, ಅದೇ ಗಂಟು ಹಾಕಿ, ನನ್ನ ಸೀರೆಗಳ ಕೆಳಗೆ ಇಟ್ಟಿರುತ್ತೇನೆ. ಬಿಚ್ಚುವುದು ಸುಲಭ, ಬಿಚ್ಚಿ ಹಾಗೇ ಬಿಟ್ಟೀರಿ ಎಂದೇ ಹೆದರಿಕೆ. ತಿರುಗಿ ಕಟ್ಟಲು ಇಬ್ಬರೂ ಮೊದಲು ನನ್ನ ಹತ್ತಿರ ಕಲಿಯಿರಿ. ನಿಮ್ಮನ್ನು ಎದುರಿಗೇ ಕೂರಿಸಿಕೊಂಡು ಕಲಿಸುತ್ತೇನೆ. ಆಮೇಲೆ ಜೋಪಾನವಾಗಿ ಇಟ್ಟುಕೊಳ್ಳಿ.