ಸಾಹೇಬರ ಜನವರಿ ಕಿಟಕಿ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ಕೆಂಪು ಮಸಿ ಇರುತ್ತಿತ್ತು. ‘ರಿಜೆಕ್ಟೆಡ್’ ಎಂಬ ಮೊಹರನ್ನು ದಿನವಿಡೀ ಒತ್ತಿ ಒತ್ತಿ ಅಂಟಿಕೊಂಡ ಮಸಿ. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಯಾಕೆ ಹೋಗುವುದಿಲ್ಲ ಎಂದು ಈಗ ನನಗೂ ಗೊತ್ತು. ಸಂಜೆಯಾದರೆ ಅದೇ ಕೆಂಪು ಹೆಬ್ಬೆರಳು ಮೊಬೈಲಿನ ಗಾಜನ್ನು ಕೆಳಕ್ಕೆ ಎಳೆದು ಬಿಡುವುದು, ಮತ್ತೆ ಎಳೆದು ಬಿಡುವುದು. ಬಾವಿಯಿಂದ ನೀರು ಸೇದುವವರ ಹಾಗೆ. ಪ್ರತಿ ಸಲವೂ ಒಂದು ಹೊಸ ವದಂತಿ ಮೇಲೆ ಬರುತ್ತಿತ್ತು.

ನೈರೋಬಿಯ ನಮ್ಮ ಔಷಧಿ ಕಾರ್ಖಾನೆಯಲ್ಲಿ ಅವರು ಗುಣಮಟ್ಟ ಪರೀಕ್ಷೆಯ ವಿಭಾಗಕ್ಕೆ ಮುಖ್ಯಸ್ಥರು, ನಾನು ಅವರ ಕೈಕೆಳಗಿನ ಕೆಮಿಸ್ಟ್. ಎಲ್ಲರ ಬಾಯಲ್ಲೂ ಅವರು ಸಾಹೇಬರು. ಮೈಸೂರಿನ ಕಡೆಯವರು, ನಾನು ಬರುವ ಎಷ್ಟೋ ವರ್ಷ ಮೊದಲೇ ಬಂದು ನೆಲೆಸಿದ್ದವರು. ಕೆಮ್ಮಿನ ಸಿರಪ್ಪಿನ ಬಣ್ಣ ಒಂದು ಛಾಯೆ ಗಾಢವಾಯಿತೆಂದು ಇಡೀ ಬ್ಯಾಚನ್ನೇ ತಡೆದು ನಿಲ್ಲಿಸಿದ ಆಸಾಮಿ. ಹೊರಗೆ ಕಂಪಾಲಕ್ಕೆ ಹೊರಡಬೇಕಾದ ಲಾರಿ ಗುರ್ರೆನ್ನುತ್ತಿದೆ, ಪ್ರೊಡಕ್ಷನ್ ಮ್ಯಾನೇಜರು ಕೈಮುಗಿದು ನಿಂತಿದ್ದಾರೆ, ಬಣ್ಣದಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ನಾನೂ ಮೆಲ್ಲಗೆ ಹೇಳುತ್ತಿದ್ದೇನೆ. ಸಾಹೇಬರು ಬಾಟಲನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕೆಳಗಿಟ್ಟರು. “ಇದನ್ನ ಯಾರೋ ಒಬ್ರ ಅಮ್ಮ ಕುಡೀತಾರೆ ಕಣ್ರೀ” ಎಂದು ಮೊಹರು ಒತ್ತಿದರು. ಅಷ್ಟೇ. ಮೇಲ್ಮನವಿ ಇಲ್ಲ.

ಇಂಥ ಮನುಷ್ಯ ಫುಟ್‌ಬಾಲಿನ ವಿಷಯ ಬಂದರೆ, ಗಾಳಿಯಲ್ಲಿ ತೇಲಿಬಂದ ಯಾವ ಸುಳ್ಳನ್ನಾದರೂ ಪರೀಕ್ಷೆಯಿಲ್ಲದೆ ಪಾಸು ಮಾಡುತ್ತಿದ್ದರು. ನನ್ನ ತಲೆನೋವು ಅದೇ.

ಇಬ್ಬರದೂ ಕಿಲೆಲೆಶ್ವಾ ಬಡಾವಣೆಯಲ್ಲಿ ಒಂದೇ ಕಟ್ಟಡ, ಒಂದೇ ಕಾರು. ಮೊಂಬಾಸಾ ರಸ್ತೆಯ ಜಾಮಿನಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದೂವರೆ ಗಂಟೆ. ಸ್ಟಿಯರಿಂಗ್ ನನ್ನ ಕೈಯಲ್ಲಿ, ವದಂತಿ ಅವರ ಬಾಯಲ್ಲಿ. ಅವರ ಕ್ಲಬ್ಬು ಇಂಗ್ಲೆಂಡಿನ ಒಂದು ಕ್ಲಬ್ಬು. ಹೆಸರು ಹೇಳಿದರೆ ಅರ್ಧ ನೈರೋಬಿ ನನ್ನ ಮೇಲೆ ಏರಿ ಬರುತ್ತದೆ, ಉಳಿದರ್ಧ ನಗುತ್ತದೆ. ಬೇಸಿಗೆ ಬಿಟ್ಟರೆ ಜನವರಿ ಒಂದು ತಿಂಗಳು ಮಾತ್ರ ಕ್ಲಬ್ಬುಗಳು ಆಟಗಾರರನ್ನು ಕೊಳ್ಳಬಹುದು, ಮಾರಬಹುದು. ಅದಕ್ಕೆ ಚಳಿಗಾಲದ ವಿಂಡೋ ಎಂದು ಹೆಸರು. ನಮ್ಮ ನೈರೋಬಿಯಲ್ಲಿ ಜನವರಿಯೆಂದರೆ ಡ್ಯಾಷ್‌ಬೋರ್ಡಿನ ಮೇಲೆ ದೋಸೆ ಹುಯ್ಯುವಂಥ ಬಿಸಿಲು. ಆ ಬಿಸಿಲಿನಲ್ಲಿ ಕೂತು ಸಾಹೇಬರು “ಕಿಟಕಿ ತೆಗೀತಮ್ಮಾ” ಎಂದರೆ ಕಾರಿನ ಕಿಟಕಿಯೇನೋ ಎಂದು ಮೊದಲ ವರ್ಷ ನಾನು ಗುಂಡಿ ಒತ್ತಿದ್ದೂ ಉಂಟು. ಹೊಗೆಯೆಲ್ಲ ಒಳಗೆ ಬಂತು. ಅವರಿಗೆ ಅದರ ಪರಿವೆಯೇ ಇಲ್ಲ.

“ಆ ಸ್ಟ್ರೈಕರ್ ಹೆಂಡ್ತಿ ಮನೆ ಹುಡುಕ್ತಾ ಇದಾಳಂತೆ.”

“ಯಾರ್ ಸಾರ್ ಹೇಳಿದ್ದು?”

“ಅದೆಲ್ಲ ಕೇಳ್ಬಾರ್ದು. ಎಷ್ಟು ಬೆಡ್‌ರೂಮು ಅಂತ ಕೇಳು.”

“ಎಷ್ಟು?”

“ಐದು. ಅಂದ್ರೆ ಅತ್ತೆ ಮಾವನೂ ಜೊತೇಲಿ ಬರ್ತಾರೆ. ಲಾಂಗ್ ಕಾಂಟ್ರ್ಯಾಕ್ಟು.”

ಹೆಣ್ಣು ನೋಡಲು ಹೊರಟವರ ಹುರುಪು, ಬೀಗರ ಮನೆಯ ಸಮಾಚಾರ ತಿಳಿದವರ ಗತ್ತು. ಹೀಗೆ ಬರುತ್ತಾರೆಂದು ಅವರು ಹೇಳಿದ ಸ್ಟ್ರೈಕರುಗಳಲ್ಲಿ ಬಂದವರು ತೀರ ಕಡಿಮೆ. ಅದನ್ನು ನೆನಪಿಸಿದರೆ, ಅದು ಹೋದ ವರ್ಷದ ಬ್ಯಾಚು ಎನ್ನುತ್ತಿದ್ದರು.

ಕಾರಿನಿಂದ ಇಳಿದರೂ ಮುಗಿಯುತ್ತಿರಲಿಲ್ಲ. ನಮ್ಮ ಗೇಟಿನ ಪಕ್ಕದಲ್ಲೇ ತಗಡಿನ ಒಂದು ಚಹಾದಂಗಡಿ. ಅಲ್ಲಿ ಗೇಟು ಕಾಯುವ ಅಸ್ಕಾರಿ, ಬಾಡಿಗೆಗೆ ಓಡಿಸುವ ಒಂದಿಬ್ಬರು ಬೋಡಾ ಬೈಕಿನವರು, ಅಂಗಡಿಯ ಹೆಂಗಸು, ಎಲ್ಲರೂ ಸಾಹೇಬರಿಗಾಗಿ ಕಾಯುತ್ತಿದ್ದರು. ಅಸ್ಕಾರಿ ದಿನವೂ ಅದೇ ಪ್ರಶ್ನೆ ಕೇಳುವನು: “ಮ್ಜೇ, ಅನಕುಜಾ?” ಹಿರಿಯರೇ, ಬರ್ತಾನಾ? ಸಾಹೇಬರು ಮಂದಾಜಿ ಎಂಬ ಕರಿದ ಸಿಹಿಬನ್ನನ್ನು ಚಹಾದಲ್ಲಿ ಅದ್ದಿ, “ಅನಕುಜಾ” ಎನ್ನುವರು. ಬರ್ತಾನೆ. ಅಷ್ಟಕ್ಕೇ ಆ ನಾಲ್ಕು ಜನರ ಮುಖ ಬೆಳಗುತ್ತಿತ್ತು. ನಾನು ಲ್ಯಾಪ್‌ಟಾಪಿನ ಚೀಲ ಹೊತ್ತು ಮೆಟ್ಟಿಲು ಹತ್ತುತ್ತ ಗೊಣಗುತ್ತಿದ್ದೆ.

ಗೊಣಗುವುದಕ್ಕೆ ಕಾರಣವಿತ್ತು. ಅಸ್ಕಾರಿಯ ಭಾವನದೊಂದು ಮಟಾಟು, ಕವಾಂಗ್ವಾರೆ ಕಡೆಗೆ ಓಡುವ ಬಾಡಿಗೆ ವ್ಯಾನು. ಇಲ್ಲಿನ ಮಟಾಟುಗಳ ಮೈಮೇಲೆ ಆಟಗಾರರ ಚಿತ್ರ ಬರೆಸುವುದು ರೂಢಿ. ಯಾರ ಗಾಡಿಯಲ್ಲಿ ಹೊಸ ಮುಖವೋ ಆ ಗಾಡಿಗೆ ಹುಡುಗರು ಮುಗಿಬೀಳುತ್ತಾರೆ. ಒಂದು ಜನವರಿ ಸಾಹೇಬರು ಐದು ಬೆಡ್‌ರೂಮಿನ ಆ ಮನೆಯ ಸುದ್ದಿಯನ್ನು ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ, ಭಾವ ಮಿಕ್ಕ ಮಟಾಟುಗಳಿಗಿಂತ ಮುಂದಾಗಬೇಕೆಂದು ಆ ಸ್ಟ್ರೈಕರನ್ನು ನಮ್ಮ ಕ್ಲಬ್ಬಿನ ಅಂಗಿ ತೊಡಿಸಿ ಗಾಡಿಯ ಹಿಂಭಾಗದ ತುಂಬ ಬರೆಸಿಬಿಟ್ಟ. ಒಳ್ಳೆ ಕಲಾವಿದನೇ ಬರೆದಿದ್ದ, ಹಲ್ಲಿನ ಹೊಳಪು ಕೂಡ ಬಂದಿತ್ತು. ತಿಂಗಳ ಕೊನೆಗೆ ಆ ಸ್ಟ್ರೈಕರು ನಮ್ಮ ಬದ್ಧವೈರಿ ಕ್ಲಬ್ಬಿಗೆ ಸಹಿ ಹಾಕಿದ.

ಊರಿಗೆ ಊರೇ ನಕ್ಕಿತು. ಬಣ್ಣ ಅಳಿಸುವಷ್ಟು ಉತ್ಸಾಹ ಭಾವನಿಗೆ ಉಳಿದಿರಲಿಲ್ಲ. ಎಂದೂ ತೊಡದ ಅಂಗಿ ತೊಟ್ಟು ಆ ಸ್ಟ್ರೈಕರು ವರ್ಷಗಟ್ಟಲೆ ನೈರೋಬಿ ಸುತ್ತಿದ. ಬೆಳಿಗ್ಗೆ ಸಿಗ್ನಲ್ಲಿನಲ್ಲಿ ನನ್ನ ಕಾರಿನ ಮುಂದೆ ನಿಂತು, ಆ ಹಲ್ಲು ಕಿರಿದುಕೊಂಡು ನನ್ನನ್ನೇ ನೋಡುತ್ತಿದ್ದ. ನಾನು ಸಾಹೇಬರತ್ತ ತಿರುಗಿ ನೋಡುತ್ತಿದ್ದೆ. ಸಾಹೇಬರು ಆಚೆ ಕಡೆ ನೋಡುತ್ತಿದ್ದರು. “ಚಿತ್ರ ಚೆನ್ನಾಗಿದೆಯಲ್ವಾ” ಎಂದರು ಒಮ್ಮೆ.

ಇಷ್ಟಕ್ಕೇ ನಿಂತಿದ್ದರೆ ಇದು ನಗುವ ಕಥೆ. ಅವರ ಎದೆಯ ಕವಾಟವೊಂದು ಸವೆದಿದೆ ಎಂದು ಗೊತ್ತಾದದ್ದು ಒಂದು ಡಿಸೆಂಬರಿನಲ್ಲಿ. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಮೊಬೈಲ್ ನೋಡುವ ನೆಪ ಮಾಡುತ್ತಿದ್ದರು; ಉಸಿರಿಗಾಗಿ ನಿಲ್ಲುತ್ತಿದ್ದರೆಂದು ನಮಗೆ ಹೊಳೆದದ್ದೇ ತಡವಾಗಿ. ತಡ ಮಾಡಬೇಡಿ, ಜನವರಿ ನಡುವೆಯೇ ಶಸ್ತ್ರಚಿಕಿತ್ಸೆ ಆಗಲಿ ಎಂದು ಡಾಕ್ಟರು ದಿನ ಕೊಟ್ಟರು. ಸಾಹೇಬರು ಫೆಬ್ರವರಿ ಎಂದರು. ಯಾಕೆ? ಕಿಟಕಿ ಮುಚ್ಚಲಿ ಎಂದರು.

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಅರ್ಥವಾದ ನನಗೆ ಮೈಯೆಲ್ಲ ಉರಿಯಿತು. ಅವರ ಹೆಂಡತಿ, ನಾವೆಲ್ಲ ಅಕ್ಕ ಎನ್ನುವವರು, ಮೊದಲು ಬೈದರು, ಆಮೇಲೆ ಅತ್ತರು, ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿದರು. ಯಾವ ಆಟಗಾರನಿಗೂ ವೈದ್ಯರ ತಪಾಸಣೆ ಇಲ್ಲದೆ ಸಹಿ ಇಲ್ಲ ಎಂದು ನೀವೇ ದಿನಾ ಕೊರೆಯುತ್ತೀರಲ್ಲ, ನಿಮಗೆ ಮಾತ್ರ ಯಾಕೆ ರಿಯಾಯಿತಿ ಎಂದು ಕೇಳಿದರು. ಅದಕ್ಕೂ ಆಸಾಮಿ ಬಗ್ಗಲಿಲ್ಲ. ಕೊನೆಗೆ, ಜನವರಿ ಹುಟ್ಟಿದ ಮೇಲೆ, ಅಕ್ಕ ನನ್ನನ್ನು ಬಾಗಿಲ ಹೊರಗೆ ಕರೆದು ಪಿಸುಗುಟ್ಟಿದರು. “ಡಾಕ್ಟರ ಮಾತು ಕೇಳಲ್ಲ, ನನ್ನ ಮಾತು ಕೇಳಲ್ಲ. ಆ ಹಾಳು ವದಂತಿ ಮಾತ್ರ ಕೇಳ್ತಾರೆ. ನೀನೇ ಒಂದು ಹೇಳು.”

ಹೇಳಿದೆ. ಮರುದಿನ ಸಂಜೆ ಅವರ ಸೋಫಾದ ಎದುರು ಕೂತು, ಆ ವರ್ಷ ಅವರು ಕಾಯುತ್ತಿದ್ದ ಸ್ಟ್ರೈಕರ್ ನಮ್ಮ ಕ್ಲಬ್ಬಿಗೆ ಸಹಿ ಹಾಕಿಯಾಯಿತಂತೆ, ನಾಳೆಯೇ ಪ್ರಕಟಣೆಯಂತೆ, ಇನ್ನು ಕಾಯುವಂಥದ್ದೇನೂ ಇಲ್ಲ, ಆರಾಮಾಗಿ ಆಸ್ಪತ್ರೆಗೆ ಹೋಗಬಹುದು ಎಂದೆ.

ಸಾಹೇಬರು ಮೊಬೈಲ್ ಕೆಳಗಿಟ್ಟರು. ಕನ್ನಡಕ ಮೇಲಕ್ಕೆ ತಳ್ಳಿ, ಸಿರಪ್ಪಿನ ಬಾಟಲನ್ನು ನೋಡುವ ಹಾಗೆ ನನ್ನನ್ನು ನೋಡಿದರು.

“ಯಾರು ಹೇಳಿದ್ದು?”

ಅಷ್ಟು ವರ್ಷ ಆ ಪ್ರಶ್ನೆಯನ್ನು ನಾನೊಬ್ಬಳೇ ಕೇಳುತ್ತ ಬಂದಿದ್ದೆ.

“ಹೇಳ್ತಾ ಇದಾರೆ ಸಾರ್, ಎಲ್ಲಾ ಕಡೆ.”

“ಅವನ ಹೆಂಡ್ತಿ ಬಂದ್ಲಾ? ಮಕ್ಕಳಿಗೆ ಸ್ಕೂಲು ನೋಡಿದ್ರಾ? ಏಜೆಂಟು ಯಾವ ಏರ್‌ಪೋರ್ಟಲ್ಲಿ ಇಳಿದ? ಹಳೇ ಕ್ಲಬ್ಬಿನ ಡ್ರೈವರ್ ಏನಂದ?” ಒಂದೊಂದಕ್ಕೂ ನಾನು ತಡವರಿಸಿದೆ. “ನಿನ್ನ ವದಂತೀಲಿ ಒಬ್ಬ ಮನುಷ್ಯನೂ ಇಲ್ಲ ಕಣಮ್ಮಾ. ಬರೀ ಸಹಿ ಇದೆ. ರಿಜೆಕ್ಟೆಡ್.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಇಷ್ಟೆಲ್ಲ ಪರೀಕ್ಷೆ ಮಾಡಲು ಬರುತ್ತಿತ್ತಾದರೆ ಇಷ್ಟು ವರ್ಷ ನಮ್ಮನ್ನೆಲ್ಲ ಯಾಕೆ ಗೋಳುಹೊಯ್ದುಕೊಂಡಿರಿ, ಆ ಮಟಾಟುವಿನವನನ್ನು ಯಾಕೆ ಕೆಡಿಸಿದಿರಿ, ಈಗ ಯಾಕೆ ಅಕ್ಕನ ಹೊಟ್ಟೆ ಉರಿಸುತ್ತಿದ್ದೀರಿ ಎಂದು, ಮೇಲಧಿಕಾರಿ ಎಂಬುದನ್ನೂ ಮರೆತು ಕೂಗಾಡಿದೆ.

ಅವರು ಹೆಬ್ಬೆರಳಿನ ಮಸಿಯನ್ನು ಮತ್ತೊಂದು ಉಗುರಿನಿಂದ ಕೆರೆಯುತ್ತ ಕೂತಿದ್ದರು. ಆಮೇಲೆ ಹೇಳಿದರು:

“ಬೆಳಿಗ್ಗೆಯಿಂದ ಸಂಜೆವರೆಗೆ ಇಲ್ಲ ಇಲ್ಲ ಅನ್ನೋದೇ ನನ್ನ ಕೆಲಸ. ಸಂಜೆ ಯಾವುದಾದ್ರೂ ಒಂದಕ್ಕೆ ಹೂಂ ಅನ್ಬೇಕು ಅನ್ಸುತ್ತೆ.” ಮೊಬೈಲನ್ನು ಮಗುಚಿಟ್ಟು, “ಕಿಟಕಿ ಮುಚ್ಚೋವರೆಗೂ ಯಾವನೂ ಬರಲ್ಲ ಅಂತ ಯಾರೂ ಹೇಳಕ್ಕಾಗಲ್ಲ. ಆಪರೇಷನ್ ಟೇಬಲ್ ಮೇಲೆ ಮಲಗಿದ್ರೆ ಇವನು ವಾಪಸ್ ಬರ್ತಾನೋ ಇಲ್ವೋ ಅಂತ ಹೇಳ್ಬಿಡ್ತಾರಲ್ಲ” ಎಂದರು.

ಭಯ ಎಂಬ ಮಾತನ್ನು ಅವರು ಆಡಲಿಲ್ಲ. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತರು. ಕಿಟಕಿ ತೆಗೆದಿರುವಾಗಲೇ ಹೋಗಿ ಬರೋಣ, ಮುಚ್ಚಿದ ಮೇಲೆ ಹೋಗಿ ಏನು ಮಾಡುವುದು ಎಂದರು, ಮಾರುಕಟ್ಟೆಗೆ ಹೊರಡುವಷ್ಟು ಸಾಮಾನ್ಯವಾಗಿ. ಸಾಹೇಬರು ಒಂದು ಷರತ್ತು ಹಾಕಿದರು. ಅವರು ಒಳಗಿರುವಷ್ಟು ಹೊತ್ತೂ ಅವರ ಮೊಬೈಲ್ ನನ್ನ ಕೈಯಲ್ಲಿರಬೇಕು. ಬಂದ ವದಂತಿಗಳನ್ನೆಲ್ಲ ಹಿಡಿದಿಟ್ಟುಕೊಂಡು, ಎಚ್ಚರವಾದ ಕೂಡಲೇ ಒಪ್ಪಿಸಬೇಕು. “ಮಧ್ಯೆ ಯಾರು ಹೇಳಿದ್ದು ಅಂತ ಕೇಳೋ ಹಾಗಿಲ್ಲ.”

ಹಾಗೆ ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಇಡೀ ಬೆಳಗು ನಾನು ಪೊಳ್ಳು ಸುದ್ದಿ ಓದಿದೆ. ನನ್ನ ಜೀವಮಾನದಲ್ಲಿ ಅಷ್ಟು ಗಮನವಿಟ್ಟು ಏನನ್ನೂ ಓದಿಲ್ಲ. ಸ್ಟ್ರೈಕರನ ತಮ್ಮ ಯಾವುದೋ ಹೋಟೆಲಿನಲ್ಲಿ ಊಟ ಮಾಡಿದ. ಅವನ ನಾಯಿಗೆ ಪ್ರಯಾಣದ ಚುಚ್ಚುಮದ್ದು ಆಯಿತು. ಏಜೆಂಟು ಒಂದು ಮರಳುಗಡಿಯಾರದ ಚಿತ್ರ ಹಾಕಿದ. ಮೊದಮೊದಲು ಮುಖ ತಿರುಗಿಸಿ ಜಪ ಮಾಡುತ್ತಿದ್ದ ಅಕ್ಕ, ಆ ಆಪರೇಷನ್ ಕೋಣೆಯ ಬಾಗಿಲು ಎಷ್ಟು ಹೊತ್ತಾದರೂ ತೆರೆಯದಾಗ, ನನ್ನ ಕಡೆ ಸರಿದು ಕೂತರು. “ನಾಯಿಗೆ ಚುಚ್ಚಿದ್ರಂತಾ? ಆಮೇಲೆ?” ಎಂದು ಕೇಳಿದರು. ನಾನು ಹೆಬ್ಬೆರಳಿನಿಂದ ಮತ್ತೆ ಎಳೆದೆ.

ಬಾಗಿಲು ತೆರೆಯಿತು. ಹೊಸ ಕವಾಟ ಸರಿಯಾಗಿ ಕೂತಿದೆ ಎಂದರು ಡಾಕ್ಟರು.

ಆ ಸಂಜೆ ನಾನೊಬ್ಬಳೇ ಕಾರು ಓಡಿಸಿಕೊಂಡು ಬಂದಾಗ ಅಸ್ಕಾರಿ ಗೇಟು ಪೂರ್ತಿ ತೆರೆಯದೆ ಅಡ್ಡ ನಿಂತ. ಹಿಂದೆ ಚಹಾದಂಗಡಿಯವರೆಲ್ಲ ಎದ್ದು ನಿಂತಿದ್ದರು. ಅವನು ಕಿಟಕಿಯ ಹತ್ತಿರ ಬಗ್ಗಿ, ಖಾಲಿ ಸೀಟನ್ನು ನೋಡಿ, ಕೇಳಿದ. “ಮ್ಜೇ... ಅನಕುಜಾ?”

“ಅನಕುಜಾ” ಎಂದೆ.

ಮರುದಿನ ಕಣ್ಣು ಬಿಟ್ಟ ಸಾಹೇಬರು ಒಣಗಿದ ತುಟಿಯಲ್ಲಿ ಕೇಳಿದ್ದು ಒಂದೇ, ಏನಾಯ್ತು ಎಂದು. ತಮ್ಮನ ಊಟ, ನಾಯಿಯ ಚುಚ್ಚುಮದ್ದು, ಮರಳುಗಡಿಯಾರ, ಎಲ್ಲ ಒಪ್ಪಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿ, “ನಾಯಿ ಬರುತ್ತೆ ಅಂದ್ರೆ ಗ್ಯಾರಂಟಿ” ಎಂದರು. ಆ ನಾಯಿ, ಅದರ ಯಜಮಾನನ ಸಮೇತ, ಇಟಲಿಗೆ ಹೋಯಿತು. ಹೋದರೆ ಅವನ ನಷ್ಟ ಎಂದುಬಿಟ್ಟರು ಸಾಹೇಬರು.

ಇನ್ನೂ ಎರಡು ಜನವರಿ ಅವರು ನನ್ನ ಪ್ರಾಣ ತಿಂದರು. ಕೆಲಸದಿಂದ ನಿವೃತ್ತರಾದ ಮೇಲೆ ಕಾರಿನಲ್ಲಿ ಸಿಗುತ್ತಿರಲಿಲ್ಲವಾದ್ದರಿಂದ ಫೋನು ಮಾಡುತ್ತಿದ್ದರು, ಅದೂ ಅವರ ಜಾಗಕ್ಕೆ ಬಂದ ನಾನು ಮೊಹರು ಒತ್ತುವ ಹೊತ್ತಿಗೆ ಸರಿಯಾಗಿ. ಹೋದ ವರ್ಷ, ಬೇಸಿಗೆಯ ಕಿಟಕಿಯೂ ಮುಚ್ಚಿ ಯಾವ ಒಪ್ಪಂದವೂ ಬಾಕಿಯಿಲ್ಲದ ಒಂದು ವಾರದಲ್ಲಿ, ಮಧ್ಯಾಹ್ನದ ನಿದ್ದೆಯಿಂದ ಅವರು ಏಳಲಿಲ್ಲ.

ಸ್ಮಶಾನಕ್ಕೆ ಹೊರಟಾಗ ಚಹಾದಂಗಡಿಯವರಿಗೆ ವಾಹನ ಬೇಕಾಗಿತ್ತು. ಅಸ್ಕಾರಿಯ ಭಾವ ತನ್ನ ಮಟಾಟು ತಂದ. ನಾನು ಅಕ್ಕನನ್ನು ಕೂರಿಸಿಕೊಂಡು ಅದರ ಹಿಂದೆಯೇ ಓಡಿಸಬೇಕಾಯಿತು. ದಾರಿಯುದ್ದಕ್ಕೂ, ಪ್ರತಿ ಸಿಗ್ನಲ್ಲಿನಲ್ಲೂ, ಆ ಎಂದೂ ಬಾರದ ಸ್ಟ್ರೈಕರ್ ನಮ್ಮ ಅಂಗಿ ತೊಟ್ಟು ನಮ್ಮ ಮುಂದೆಯೇ ಹಲ್ಲು ಕಿರಿಯುತ್ತ ನಿಂತ. ಬಣ್ಣ ಮಾಸಿತ್ತು, ಒಂದು ಕಿವಿ ಉದುರಿತ್ತು. ಅಳಬೇಕೋ ಹಾರ್ನ್ ಹೊಡೆಯಬೇಕೋ ತಿಳಿಯಲಿಲ್ಲ. ಅಕ್ಕ ಒಂದೇ ಸಮನೆ ಅದನ್ನೇ ನೋಡುತ್ತಿದ್ದವರು, “ಚಿತ್ರ ಚೆನ್ನಾಗಿದೆ” ಎಂದರು.

ಈಗ ಮತ್ತೆ ಜನವರಿ ಬಂದಿದೆ. ಮೊನ್ನೆ ಒಂದು ಇಡೀ ಬ್ಯಾಚು ತಿರಸ್ಕರಿಸಿ, ಎಲ್ಲರ ಕೈಲೂ ಬೈಸಿಕೊಂಡು, ಜಾಮಿನಲ್ಲಿ ಬೆಂದು ಮನೆ ತಲುಪಿದೆ. ಗೇಟಿನಲ್ಲಿ ಅಸ್ಕಾರಿ ತಡೆದ. ಅಂಗಡಿಯ ಹೆಂಗಸು ನಾನು ಕೇಳದೆಯೇ ಚಹಾ ಸುರಿದಳು. ಪೋರ್ಚುಗಲ್ಲಿನ ಒಬ್ಬ ಸ್ಟ್ರೈಕರನ ಹೆಂಡತಿ ಇಂಗ್ಲೆಂಡಿನಲ್ಲಿ ಮನೆ ನೋಡುತ್ತಿದ್ದಾಳಂತೆ ಎಂದು ಅಸ್ಕಾರಿ ತಗ್ಗಿದ ದನಿಯಲ್ಲಿ ಹೇಳಿದ. ಶುದ್ಧ ಸುಳ್ಳೆಂದು ಮೇಲುನೋಟಕ್ಕೇ ಗೊತ್ತಾಗುವಂಥದ್ದು. ಯಾರು ಹೇಳಿದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು.

ಮಂದಾಜಿಯನ್ನು ಚಹಾದಲ್ಲಿ ಅದ್ದಿದೆ.

“ಎಷ್ಟು ಬೆಡ್‌ರೂಮು?” ಎಂದೆ.