ಕೆಮ್ಮುತ್ತಾಳೆ ಎಂದ ಮಾತು

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಆ ಬೀದಿಯ ಮಕ್ಕಳ ಸಮವಸ್ತ್ರವೆಲ್ಲ ಅವಳ ಮೆಷಿನ್ನಿನಲ್ಲೇ ಹೊಲಿಗೆ ಕಂಡಿತ್ತು. ಮಹಡಿಯ ಮೇಲೆ ಅವಳ ವಾರಗಿತ್ತಿ ಇದ್ದಳು, ಆಸ್ಪತ್ರೆಯಲ್ಲಿ ನರ್ಸು.

ಸೋಂಕು ಹಬ್ಬಿದ ಮೊದಲ ತಿಂಗಳು ಟೈಲರಮ್ಮ ಮನೆಯ ಹಾಸುಬಟ್ಟೆಗಳನ್ನೇ ಕತ್ತರಿಸಿ ಬೀದಿಗೆಲ್ಲ ಮಾಸ್ಕ್ ಹೊಲಿದು ಹಂಚಿದಳು. ಸೊಂಟ ಬಿದ್ದುಹೋಯಿತು. ಒಂದು ಒಳ್ಳೆಯ ಮಾತು ಬರಲಿಲ್ಲ. ಎದುರುಮನೆಯ ಮೇಷ್ಟ್ರಂತೂ ಕಿವಿಗೆ ಬಿಗಿಯಾಗುತ್ತದೆಂದು ವಾಪಸು ಕಳಿಸಿದರು. ವಾರಗಿತ್ತಿ ಪಾಳಿ ಮುಗಿಸಿ ಬಂದರೆ ಮಾತ್ರ ಬಾಲ್ಕನಿಗಳಿಂದ ಚಪ್ಪಾಳೆ. ಟೈಲರಮ್ಮನ ಗಂಡನೂ ಕಿಟಕಿಯಲ್ಲಿ ನಿಂತು ತಟ್ಟಿದ ದಿನ ಅವಳ ಹೊಟ್ಟೆಗೆ ಬೆಂಕಿ ಬಿತ್ತು. "ಕೈ ನೋಯಲ್ವಾ ನಿಮಗೆ?" ಎಂದು ಕಿಟಕಿ ಎಳೆದುಕೊಂಡಳು.

ಮರುದಿನ ದಿನಸಿ ಅಂಗಡಿಯ ಸಾಲಿನಲ್ಲಿ ಮೇಷ್ಟ್ರು, "ನಿಮ್ಮ ವಾರಗಿತ್ತಿ ನಮ್ಮ ಬೀದಿಗೇ ಹೆಮ್ಮೆ ಕಣಮ್ಮ" ಎಂದರು.

"ಹೆಮ್ಮೆ ಸರಿ ಮೇಷ್ಟ್ರೇ. ಮೂರು ದಿನದಿಂದ ಕೆಮ್ತಿದಾಳೆ, ಅದೇ ಚಿಂತೆ ನಂಗೆ."

ವಾರಗಿತ್ತಿ ಒಮ್ಮೆಯೂ ಕೆಮ್ಮಿರಲಿಲ್ಲ.

ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. ಆ ಸಂಜೆ ಚಪ್ಪಾಳೆ ಬೀಳಲಿಲ್ಲ. ಬಾಯಿಂದ ಬಾಯಿಗೆ ಹೋಗುತ್ತ ಕೆಮ್ಮು ಜ್ವರವಾಯಿತು, ಜ್ವರ ಬೀದಿಗೆಲ್ಲ ಅಂಟುವ ಗಂಡಾಂತರವಾಯಿತು. ಅಂಗಡಿಯವನು ನರ್ಸಿಗೆ ದೂರದಿಂದಲೇ ಕೈಯಾಡಿಸಿ, "ನೀವು ಬರ್ಬೇಡಿ" ಎಂದ. ಟೈಲರಮ್ಮನಿಗೆ ಎರಡು ದಿನ ಒಳಗೊಳಗೇ ತಂಪೆನಿಸಿತು. ಮೂರನೆಯ ದಿನ ಅವಳೇ ಹೊಲಿದ ಮಾಸ್ಕ್‌ಗಳು ಮನೆಯ ಗೇಟಿನ ಮುಂದೆ ರಾಶಿ ಬಿದ್ದಿದ್ದವು. ಆ ಮನೆಯ ಬಟ್ಟೆ ಮುಖಕ್ಕೆ ಕಟ್ಟಲು ಯಾರಿಗೂ ಧೈರ್ಯವಿರಲಿಲ್ಲ.

ವಾರಗಿತ್ತಿ ಕೆಳಗಿಳಿದು ಬಂದಳು. ಮೂಗಿನ ಮೇಲೆ ಮಾಸ್ಕ್ ಒತ್ತಿ ಗಾಯವಾಗಿತ್ತು. "ನಾನು ಕೆಮ್ತೀನಿ ಅಂತ ಯಾರೋ ಹಬ್ಬಿಸಿದಾರೆ ಅಕ್ಕಾ. ನನ್ನಿಂದ ನಿಮಗೂ ಹೀಗಾಯ್ತು."

ಟೈಲರಮ್ಮ ತಲೆ ತಗ್ಗಿಸಿದಳು. "ನಾನೇ ಅಂದಿದ್ದು."

"ಯಾಕಕ್ಕಾ?"

"ಎಲ್ಲಾರೂ ನಿಂಗೇ ಚಪ್ಪಾಳೆ ತಟ್ತಿದ್ರು. ತಡ್ಕೊಳ್ಳೋಕಾಗ್ಲಿಲ್ಲ."

ವಾರಗಿತ್ತಿ ಮಹಡಿ ಹತ್ತಿದಳು. ಆ ವಾರವೇ ಪೆಟ್ಟಿಗೆ ಕಟ್ಟಿ ಆಸ್ಪತ್ರೆಯ ವಸತಿಗೃಹಕ್ಕೆ ಹೋದಳು. ಟೈಲರಮ್ಮ ಅಂಗಡಿಯ ಸಾಲಿಗೇ ಹೋಗಿ, "ನಾನು ಹೇಳಿದ್ದು ಸುಳ್ಳು" ಎಂದಳು. ಮೇಷ್ಟ್ರು ದೂರ ನಿಂತೇ, "ಅವಳ ಮಾನ ಉಳಿಸೋಕೆ ಹೀಗಂತೀರಿ. ದೊಡ್ಡ ಮನಸ್ಸಮ್ಮ ನಿಮ್ಮದು" ಎಂದರು.

ವಸತಿಗೃಹದ ಬೀದಿಯಲ್ಲಿ ವಾರಗಿತ್ತಿಗೆ ಮತ್ತೆ ಚಪ್ಪಾಳೆ ಬೀಳುತ್ತಿದೆ ಎಂದು ಗಂಡ ಸುದ್ದಿ ತಂದ. ಒಳ್ಳೆಯದಾಯಿತು ಎಂದಳು ಟೈಲರಮ್ಮ. ಹೊಟ್ಟೆ ಆಗಲೂ ಉರಿಯಿತು. ಅದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.